ಬೇಳೆ ಏಕೆ ಬೇಯಲಿಲ್ಲ?

ಯಾರದಾದರೂ ಹಂಚಿಕೆ ಫಲಿಸದೆ ಹೋದರೆ ‘ಅವನ ಬೇಳೆ ಬೇಯಲಿಲ್ಲ’ ಎನ್ನುವುದು ನಮ್ಮ ಆಡುಮಾತಿನ ರೂಢಿ. ಈ ನುಡಿ ಹುಟ್ಟುವ ಮೊದಲು, ಎಷ್ಟು ಬೇಯಿಸಿದರೂ ಬೇಯದ ಬೇಳೆಯ ಮುಂದೆ ಎಷ್ಟು ಮಂದಿ ತಾಯಂದಿರು ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತ ಕುಳಿತಿದ್ದರೋ! ಆದರೆ ಬೇಳೆ ನಿಜವಾಗಿಯೂ ಬೇಯದಿದ್ದಾಗ ಅದಕ್ಕೆ ಕಾರಣವೇನು, ಹೊಣೆ ಯಾರದು ಎಂದು ವಿಚಾರಿಸುವವರು ಕಡಿಮೆ. ಕಳೆದ ವರ್ಷ ಈ ಪ್ರಶ್ನೆ ನಮ್ಮ ತರಗತಿಯೊಳಕ್ಕೇ ಬಂದಿತು.

ನಾವು ಹಾವೇರಿಯ ಕಾಲೇಜೊಂದರಲ್ಲಿ ಭೌತವಿಜ್ಞಾನದ ಪಾಠ ಹೇಳುವವರು. ಅಂದು ನೀರಿನ ಕುದಿಬಿಂದುವನ್ನು ಕುರಿತು ಹೇಳುತ್ತಿದ್ದೆವು. ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿಯೊಂದರಿಂದ ದಿನವೂ ರೈಲಿನಲ್ಲಿ ಬಂದು ಹೋಗುವ ವಿದ್ಯಾರ್ಥಿಯೊಬ್ಬ ಎದ್ದು ನಿಂತ.

“ಸರ್, ನಮ್ಮ ಮನ್ಯಾಗ ಬ್ಯಾಳಿ ಬೇಯವಲ್ದು ನೋಡ್ರಿ. ಎರಡ ತಾಸ ಉರಿ ಹಾಕಿದ್ರೂ ಹಂಗ ಗಟ್ಟಿ ಉಳಿತೈತಿ. ಅತ್ತಿಗಿಗೆ ಅಡಗಿ ಬರಂಗಿಲ್ಲ ಅಂತ ಅವ್ವ ದಿನಾ ಬೈತಾಳ.”

ತರಗತಿ ನಕ್ಕಿತು. ಅವನು ನಗಲಿಲ್ಲ. ಪಾಠ ಮುಗಿದ ಮೇಲೆ ಅವನನ್ನು ಕರೆದು ವಿವರವಾಗಿ ಕೇಳಿದೆವು. ಅದು ಹನ್ನೆರಡು ಜನರ ಒಟ್ಟು ಕುಟುಂಬ. ಮನೆಯಲ್ಲಿ ಅನಿಲದ ಒಲೆ ಇದ್ದರೂ ಅಷ್ಟು ಜನರ ಬೇಳೆ ಬೇಯುವುದು ದೊಡ್ಡ ಬೋಗುಣಿಯಲ್ಲಿ, ಕಟ್ಟಿಗೆಯ ಒಲೆಯ ಮೇಲೆ. ಅಣ್ಣನ ಮದುವೆಯಾದುದು ಹಿಂದಿನ ಬೇಸಿಗೆಯಲ್ಲಿ. ಅದೇ ಬೇಸಿಗೆಯಲ್ಲಿ ಹಿತ್ತಿಲ ಬಾವಿ ಬತ್ತಿಹೋಗಿ, ಆಳವಾದ ಕೊಳವೆಬಾವಿಯನ್ನು ಕೊರೆಯಿಸಿದ್ದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಮನೆಗೆ ಒಂದೇ ಬೇಸಿಗೆಯಲ್ಲಿ ಇಬ್ಬರು ಹೊಸಬರು ಬಂದಿದ್ದರು: ಒಬ್ಬಳು ಸೊಸೆ, ಇನ್ನೊಂದು ನೀರು. ಬೇಳೆ ಬೇಯುವುದು ನಿಂತುದು ಆಮೇಲೆ. ಆದರೆ ಬೈಗುಳ ಬಿದ್ದುದು ಒಬ್ಬರ ಮೇಲೆ ಮಾತ್ರ. ಎರಡು ಕಾರಣಗಳು ಒಟ್ಟಿಗೆ ಬಂದಾಗ ಕಣ್ಣಿಗೆ ಕಾಣುವುದನ್ನೇ ಹಿಡಿದು ತೀರ್ಪು ಕೊಡುವುದು ಮನುಷ್ಯ ಸಹಜ. ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿ ನೋಡುವುದು ವಿಜ್ಞಾನದ ಮಾರ್ಗ. ಮಳೆಗಾಲ ಬಂದ ಮೇಲೆ ಆ ಮನೆಗೆ ಹೋಗಿ ಹಾಗೆ ನೋಡೋಣವೆಂದು ನಿಶ್ಚಯಿಸಿದೆವು.

ಉರಿ ಹೆಚ್ಚಿಸಿದರೆ ಆಗದೆ?

ಬೇಳೆ ಬೇಯದಿದ್ದರೆ ಎಲ್ಲರೂ ಮಾಡುವ ಮೊದಲ ಉಪಾಯ ಇನ್ನೆರಡು ಕಟ್ಟಿಗೆ ಒಟ್ಟುವುದು. ಇದರಿಂದ ಪ್ರಯೋಜನವುಂಟೆ? ನೀರು ಕುದಿಯುವವರೆಗೆ ಉಂಟು. ಕುದಿಯತೊಡಗಿದ ಮೇಲೆ ಇಲ್ಲ. ತೆರೆದ ಪಾತ್ರೆಯ ನೀರು ಕುದಿಬಿಂದುವನ್ನು ಮುಟ್ಟಿದ ಬಳಿಕ ಅದರ ಉಷ್ಣತೆ ಏರುವುದಿಲ್ಲ. ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೆ ವೆಚ್ಚವಾಗುತ್ತದೆ. ಕೊತಕೊತನೆ ಕುದಿಯುವ ನೀರೂ ಸಣ್ಣಗೆ ಗುಳ್ಳೆಯೇಳುತ್ತಿರುವ ನೀರೂ ಒಂದೇ ಉಷ್ಣತೆಯಲ್ಲಿರುತ್ತವೆ. ಬೇಳೆಗೆ ತಿಳಿಯುವುದು ನೀರಿನ ಉಷ್ಣತೆಯೇ ಹೊರತು ಉರಿಯ ಆರ್ಭಟವಲ್ಲ.

ಆ ಉಷ್ಣತೆಯೂ ಎಲ್ಲ ಊರುಗಳಲ್ಲಿ ಒಂದೇ ಅಲ್ಲ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರುಗಳ ಆಸುಪಾಸಿನಲ್ಲಿವೆ. ಆದುದರಿಂದ ಇಲ್ಲಿ ನೀರು 98 ಡಿಗ್ರಿಯ ಸಮೀಪದಲ್ಲೇ ಕುದಿಯುತ್ತದೆ. ಕಾರವಾರದ ಬೇಳೆಗಿಂತ ನಮ್ಮ ಬೇಳೆಗೆ ತುಸು ಹೆಚ್ಚು ಕಾಲ ಬೇಕು. ಆದರೆ ಎರಡು ಡಿಗ್ರಿಯ ಈ ಅಂತರ ಆ ಮನೆಯ ತೊಂದರೆಗೆ ಕಾರಣವಾಗಲಾರದು. ಅತ್ತೆಯ ಕಾಲದಲ್ಲಿಯೂ ಊರು ಇಷ್ಟೇ ಎತ್ತರದಲ್ಲಿತ್ತಷ್ಟೆ!

ವ್ಯರ್ಥವಾಗುವ ಉರಿಯ ಲೆಕ್ಕವನ್ನೂ ಹಾಕಿಬಿಡೋಣ. 28 ಡಿಗ್ರಿಯ ಒಂದು ಕಿಲೋಗ್ರಾಂ ನೀರನ್ನು 98 ಡಿಗ್ರಿಗೆ ಏರಿಸಲು 70 ಕಿಲೋಕ್ಯಾಲೊರಿ ಶಾಖ ಸಾಕು. ಅದೇ ನೀರನ್ನು ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲೊರಿ ಬೇಕು. ಎಂದರೆ ಏಳು ಪಟ್ಟಿಗೂ ಮಿಗಿಲು. ಇದೇ ಆವಿಯ ಗುಪ್ತೋಷ್ಣ. ಜೂಲ್ ಮಾನದಲ್ಲಿ ಲೆಕ್ಕ ಮಾಡುವ ವಿದ್ಯಾರ್ಥಿಗಳು ಒಂದು ಕ್ಯಾಲೊರಿಗೆ 4.2 ಜೂಲ್‌ಗಳಂತೆ ಗುಣಿಸಿಕೊಳ್ಳಬಹುದು. ಅಡುಗೆ ಅನಿಲದ ಒಂದು ಕಿಲೋಗ್ರಾಂ ಉರಿದರೆ ಸುಮಾರು 11,000 ಕಿಲೋಕ್ಯಾಲೊರಿ ದೊರೆಯುತ್ತದೆ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಪಾತ್ರೆಗೆ ಸೇರುವುದೆಂದಿಟ್ಟುಕೊಂಡರೂ, ಒಂದು ಲೀಟರು ನೀರನ್ನು ಸುಮ್ಮನೆ ಆವಿಯಾಗಿಸಿ ಕಳೆಯಲು 80 ಗ್ರಾಮಿನಷ್ಟು ಅನಿಲ ಬೇಕು. ದಿನಕ್ಕೊಂದು ಲೀಟರಿನಂತೆ ಹೀಗೆ ಕಳೆದರೆ, 14.2 ಕಿಲೋಗ್ರಾಮಿನ ಸಿಲಿಂಡರಿನ ಆರನೆಯ ಒಂದು ಪಾಲು ತಿಂಗಳಿಗೆ ಗಾಳಿಯ ಪಾಲಾಯಿತು! ನೀರು ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ; ಅನಿಲ ಉಳಿಯುತ್ತದೆ. ಕಟ್ಟಿಗೆಯ ಒಲೆಯಾದರೆ ಹೊಗೆಯೂ ಕಡಿಮೆಯಾಗುತ್ತದೆ.

ಎರಡು ಬೋಗುಣಿಗಳು

ಆಷಾಢದ ಒಂದು ಭಾನುವಾರ ಪ್ರಯೋಗಶಾಲೆಯ ಉಷ್ಣಮಾಪಕವನ್ನು ಚೀಲದಲ್ಲಿಟ್ಟುಕೊಂಡು ಹಾವೇರಿಯಲ್ಲಿ ರೈಲು ಹತ್ತಿದೆವು. ಗಾಡಿ ಬ್ಯಾಡಗಿಯನ್ನು ದಾಟಿ ರಾಣೇಬೆನ್ನೂರಿಗೆ ಬಂದಿತು. ಅಲ್ಲಿಂದ ಹಳ್ಳಿಗೆ ಬಸ್ಸು. ನಾವು ಹೇಳಿದ್ದಂತೆ ವಿದ್ಯಾರ್ಥಿ ಹಿಂದಿನ ದಿನ ಬಯಲಿನಲ್ಲಿ ಪಾತ್ರೆಗಳನ್ನಿಟ್ಟು ಮಳೆಯ ನೀರನ್ನು ಹಿಡಿದು, ಬಟ್ಟೆಯಲ್ಲಿ ಸೋಸಿ ಇಟ್ಟಿದ್ದ.

ಅವನ ತಾಯಿಗೆ ನಮ್ಮ ಬೇಡಿಕೆ ವಿಚಿತ್ರವಾಗಿ ಕಂಡಿರಬೇಕು. ಒಂದೇ ಚೀಲದ ತೊಗರಿಬೇಳೆಯನ್ನು ಎರಡು ಸಮಪಾಲು ಮಾಡಿ, ಒಂದನ್ನು ಕೊಳವೆಬಾವಿಯ ನೀರಿನಲ್ಲಿ, ಇನ್ನೊಂದನ್ನು ಮಳೆಯ ನೀರಿನಲ್ಲಿ ಬೇಯಿಸಬೇಕು. ಬೇಯಿಸುವವರು ತಾವೇ ಆಗಬೇಕು, ಸೊಸೆ ಒಲೆಯ ಬಳಿಗೂ ಬರಬಾರದು. “ಹಂಗಾಗ್ಲಿ ಬಿಡ್ರಿ” ಎಂದು ಆ ತಾಯಿ ಸೆರಗು ಕಟ್ಟಿ ಒಲೆಯ ಮುಂದೆ ಕುಳಿತರು.

ಒಲೆಗೆ ಎರಡು ಬಾಯಿ. ಒಂದರ ಉರಿ ಹೆಚ್ಚು, ಇನ್ನೊಂದರದು ಕಡಿಮೆ. ಹೆಚ್ಚು ಉರಿಯ ಬಾಯಿಯ ಮೇಲೆ ಬೇಕೆಂದೇ ಕೊಳವೆಬಾವಿಯ ನೀರಿನ ಬೋಗುಣಿಯನ್ನಿಡಿಸಿದೆವು. ಎರಡೂ ಕುದಿಯತೊಡಗಿದ ಮೇಲೆ ಉಷ್ಣಮಾಪಕವನ್ನಿಳಿಸಿ ನೋಡಿದರೆ ಎರಡರಲ್ಲಿಯೂ ಪಾದರಸ 98ರ ಗೆರೆಯ ಬಳಿಯೇ ನಿಂತಿತ್ತು. ಉರಿಯ ಭೇದ ಅಲ್ಲಿಗೆ ಲೆಕ್ಕದಿಂದ ಹೊರಗಾಯಿತು. ಬೇಳೆ ಒಂದೇ, ಕೈ ಒಂದೇ, ಉಷ್ಣತೆ ಒಂದೇ. ಉಳಿದ ಭೇದ ನೀರು ಮಾತ್ರ.

ಮುಕ್ಕಾಲು ತಾಸಿನ ಬಳಿಕ ಎರಡು ಬೋಗುಣಿಗಳಿಂದಲೂ ಒಂದೊಂದು ಚಮಚ ಬೇಳೆಯನ್ನು ತೆಗೆದು ತಟ್ಟೆಯಲ್ಲಿಟ್ಟೆವು. ಮಳೆಯ ನೀರಿನ ಬೇಳೆ ಬೆರಳೊತ್ತಿದರೆ ಬೆಣ್ಣೆಯಂತೆ ಹರಡಿತು. ಇನ್ನೊಂದು ಒತ್ತಿದಾಗ ಜಾರಿಕೊಂಡು ತಟ್ಟೆಯ ಅಂಚಿಗೆ ಹೋಯಿತು. ತಾಯಿ ಎರಡನ್ನೂ ಮತ್ತೆ ಮತ್ತೆ ಒತ್ತಿ ನೋಡಿದರು. ಏನೂ ಹೇಳಲಿಲ್ಲ.

ನೀರು ಮಾಡಿದ ತಪ್ಪೇನು?

ಸಸ್ಯದ ಅಂಗಗಳೆಲ್ಲವೂ ಜೀವಕೋಶಗಳಿಂದಾದವು. ಈ ಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಇಟ್ಟಿಗೆಗಳ ನಡುವೆ ಗಾರೆಯಿರುವಂತೆ ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟುಪದಾರ್ಥವಿದೆ. ಬೇಳೆ ಬೆಂದಿತು ಎಂದರೆ ಮುಖ್ಯವಾಗಿ ಎರಡು ಸಂಗತಿಗಳು ನಡೆದುವೆಂದು ಅರ್ಥ. ಕೋಶದೊಳಗಣ ಪಿಷ್ಟ ನೀರನ್ನು ಹೀರಿ ಉಬ್ಬಿತು. ಕೋಶಗಳ ನಡುವಣ ಪೆಕ್ಟಿನ್ ಕರಗಿ, ಅವು ಒಂದನ್ನೊಂದು ಬಿಟ್ಟುಕೊಟ್ಟುವು. ಗಾರೆ ಕರಗಿದರೆ ಗೋಡೆ ಕುಸಿಯುವುದು. ಕಡೆಗೋಲಿಗೆ ಬೇಳೆ ನುಣ್ಣಗಾಗುವುದು ಈ ಕುಸಿತದಿಂದಲೇ.

ಮಳೆಯ ನೀರಿನಲ್ಲಿ ಕರಗಿದ ಲವಣಗಳು ಬಹಳ ಕಡಿಮೆ. ನೆಲದೊಳಕ್ಕೆ ಇಳಿದು ಬಂಡೆಗಳ ಸಂದಿಯಲ್ಲಿ ದೀರ್ಘಕಾಲ ನಿಂತ ನೀರಾದರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಸಾಬೂನು ನೊರೆ ಕೊಡದಿರುವುದೂ ಹಂಡೆಯೊಳಗೆ ಬಿಳಿಯ ಹಕ್ಕಳೆ ಕಟ್ಟುವುದೂ ಗಡಸು ನೀರಿನ ಗುರುತುಗಳು. ಈ ಕ್ಯಾಲ್ಸಿಯಂ ಕಣಗಳು ಪೆಕ್ಟಿನ್ನಿನ ಉದ್ದುದ್ದವಾದ ಅಣುಗಳನ್ನು ಒಂದಕ್ಕೊಂದು ಬೆಸೆಯುತ್ತವೆ. ಗಾರೆ ಕರಗುವ ಬದಲು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಗಂಟೆಗಟ್ಟಲೆ ಕುದಿಸಿದರೂ ಬೇಳೆ ಹೋಳಾಗಿಯೇ ಉಳಿಯುತ್ತದೆ. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರುವುದು ಲೇಸು. ಬೇರೆ ಆಸರೆ ಇಲ್ಲದಲ್ಲಿ 600ರವರೆಗೆ ಸಹ್ಯ. ಕುಡಿಯುವುದಕ್ಕೆ ಸಹ್ಯವಾದ ನೀರು ಬೇಳೆಗೆ ಸಹ್ಯವಾಗಬೇಕೆಂಬ ನಿಯಮವೇನೂ ಇಲ್ಲ.

ಬೇಳೆಯನ್ನು ಕಾಡುವ ಇನ್ನೂ ಇಬ್ಬರನ್ನು ಹೆಸರಿಸಬೇಕು. ಒಂದು, ಹಳತಾಗುವಿಕೆ. ಬಿಸಿಲು, ತೇವಗಳಲ್ಲಿ ಬಹುಕಾಲ ಉಳಿದ ಕಾಳುಬೇಳೆಗಳು ಬೇಯುವ ಗುಣವನ್ನು ಕ್ರಮವಾಗಿ ಕಳೆದುಕೊಳ್ಳುತ್ತವೆ. ಇನ್ನೊಂದು, ಹುಳಿ. ಆಮ್ಲದಲ್ಲಿ ಪೆಕ್ಟಿನ್ ನಿಧಾನವಾಗಿ ಕರಗುತ್ತದೆ. ಬೇಳೆ ಬೆಂದ ಮೇಲೆಯೇ ಹುಣಸೆಯ ರಸ ಹಾಕಬೇಕೆಂಬುದು ನಮ್ಮ ತಾಯಂದಿರ ಕಟ್ಟಳೆ. ಅವರು ಕಾರಣವನ್ನು ಹೇಳಿರಲಿಕ್ಕಿಲ್ಲ. ಕಟ್ಟಳೆ ಮಾತ್ರ ಸರಿಯಾದುದೇ.

ಪರಿಹಾರಗಳು ಸುಲಭ. ಮಳೆಗಾಲದಲ್ಲಿ ಮಳೆಯ ನೀರು, ದೊರೆಯುವಲ್ಲಿ ಹೊಳೆಯ ನೀರು ಒಳ್ಳೆಯದು. ಹೊಳೆಯ ನೀರು ಸಾಮಾನ್ಯವಾಗಿ ಆಳದ ನೀರಿಗಿಂತ ಮೃದು. ಎರಡೂ ಇಲ್ಲದಿದ್ದರೆ ಕೊಳವೆಬಾವಿಯ ನೀರನ್ನು ಹತ್ತು ಹದಿನೈದು ನಿಮಿಷ ಕುದಿಸಿ, ಆರಿಸಿ, ತಳದಲ್ಲಿ ನಿಂತ ಸುಣ್ಣದ ಅಂಶವನ್ನು ಬಿಟ್ಟು ಮೇಲಿನ ತಿಳಿಯನ್ನು ಬಳಸಬಹುದು. ಗಡಸುತನ ಬೈಕಾರ್ಬೊನೇಟುಗಳಿಂದ ಬಂದಿದ್ದರೆ ಇದರಿಂದ ಇಳಿಯುತ್ತದೆ. ಸಲ್ಫೇಟು, ಕ್ಲೋರೈಡುಗಳಿಂದ ಬಂದಿದ್ದರೆ ಇಳಿಯದು. ಬೇಳೆಯನ್ನು ಮೊದಲೇ ಮೃದುವಾದ ನೀರಿನಲ್ಲಿ ನೆನೆಯಿಸುವುದೂ ಹಿತ. ಚಿಟಿಕೆ ಅಡುಗೆ ಸೋಡ ಹಾಕಿದರೆ ಬೇಳೆ ಬೇಗ ಬೇಯುವುದು ನಿಜ. ಆದರೆ ಅದು ಬೇಳೆಯಲ್ಲಿರುವ ಥಯಾಮಿನ್ ಎಂಬ ಜೀವಸತ್ವವನ್ನು ನಾಶಮಾಡುವುದರಿಂದ ನಿತ್ಯದ ಉಪಾಯವಾಗಬಾರದು.

ಒತ್ತಡದ ಪಾತ್ರೆಯ ಉಪಕಾರವನ್ನೂ ಮರೆಯಬಾರದು. 1679ರಲ್ಲಿ ಡೆನಿಸ್ ಪೇಪಿನ್ ಎಂಬ ಫ್ರೆಂಚ್ ವಿಜ್ಞಾನಿ ಬಿಗಿಮುಚ್ಚಳದ ಪಾತ್ರೆಯೊಂದನ್ನು ಮಾಡಿ, ಅದರಲ್ಲಿ ಮೂಳೆಗಳನ್ನೂ ಮೆತ್ತಗಾಗುವಂತೆ ಬೇಯಿಸಿ ತೋರಿಸಿದ. ಹೊರಹೋಗಲಾರದ ಆವಿ ಒತ್ತಡವನ್ನು ಹೆಚ್ಚಿಸುತ್ತದೆ. ಒತ್ತಡ ಹೆಚ್ಚಿದರೆ ಕುದಿಬಿಂದು ಏರುತ್ತದೆ. ನಮ್ಮ ಮನೆಗಳ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಬಿಸಿಯಾಗುವುದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವನ್ನು ಹಿಡಿದರೆ, ಕುಕ್ಕರಿನ ಬೇಳೆ ನಾಲ್ಕು ಪಟ್ಟಿಗಿಂತಲೂ ಬೇಗ ಬೇಯಬೇಕು. ಮೊದಲನೆಯ ಕೂಗು ಕೇಳಿದೊಡನೆ ಉರಿ ತಗ್ಗಿಸಬೇಕು. ಕೂಗಿನ ಜೊತೆಗೆ ಹೊರಬೀಳುವುದೂ ಗುಪ್ತೋಷ್ಣವೇ.

ನೀರಿನ ಪಾಲು, ಎಣ್ಣೆಯ ಪಾಲು

ಮಳೆಯ ನೀರಿನಲ್ಲಿ ಬೆಂದ ಬೇಳೆಗೆ ಒಗ್ಗರಣೆಯಾಗಬೇಕಾಗಿತ್ತು. ಈಗ ಸೊಸೆಗೆ ಒಲೆಯ ಬಳಿಗೆ ಬರಲು ಅಪ್ಪಣೆಯಾಯಿತು. ಆಕೆ ಎಣ್ಣೆಯನ್ನು ಕಾಯಿಸಿ ಮೊದಲು ಸಾಸಿವೆ ಹಾಕಿದಳು. ಸಾಸಿವೆ ಒಂದು ಬಗೆಯ ಉಷ್ಣಮಾಪಕವೆಂದೇ ಹೇಳಬಹುದು. ಅದರ ಸಿಪ್ಪೆಯೊಳಗಿನ ತೇವ ಒಮ್ಮೆಗೇ ಆವಿಯಾಗಿ ಸಿಪ್ಪೆಯನ್ನು ಸಿಡಿಸಿತೆಂದರೆ, ಎಣ್ಣೆ ನೀರಿನ ಕುದಿಬಿಂದುವನ್ನು ಬಹಳವಾಗಿ ಮೀರಿದೆಯೆಂದು ತಿಳಿಯಬೇಕು. ನೀರಿನಿಂದ ಎಂದಿಗೂ ದೊರೆಯದ ಬಿಸಿ ಎಣ್ಣೆಯಿಂದ ದೊರೆಯುತ್ತದೆ. ಕರಿಬೇವು, ಇಂಗುಗಳ ಕಂಪು ಹೊರಹೊಮ್ಮುವುದು ಈ ಬಿಸಿಯಲ್ಲಿಯೇ. ಆಮೇಲೆ ಉರಿ ತಗ್ಗಿಸಿ ಮೆಣಸಿನಕಾಯಿಯ ಪುಡಿಯನ್ನು ಹಾಕಿದಳು. ಎಣ್ಣೆ ಕ್ಷಣದಲ್ಲಿ ಕುಂಕುಮದ ಬಣ್ಣ ತಾಳಿತು.

ಆ ಪುಡಿ ನಾವು ರೈಲಿನಲ್ಲಿ ದಾಟಿ ಬಂದ ಬ್ಯಾಡಗಿಯ ಹೆಸರಿನ ಮೆಣಸಿನಕಾಯಿಯದು. ಮೈಯೆಲ್ಲ ಸುಕ್ಕುಗಟ್ಟಿದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಡಬ್ಬಿ, ಕಡ್ಡಿ ಎಂದು ಅದರಲ್ಲಿ ಎರಡು ಬಗೆ. ಖಾರಕ್ಕಿಂತ ಬಣ್ಣ ಅದರ ಹೆಗ್ಗಳಿಕೆ. ಕೆಂಪು ಬಣ್ಣಕ್ಕೆ ಮುಖ್ಯ ಕಾರಣ ಕ್ಯಾಪ್ಸಾಂತಿನ್ ಎಂಬ ವರ್ಣದ್ರವ್ಯ. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಬ್ಯಾಡಗಿಯ ಕಾಯಿಯಲ್ಲಿ ಮೊದಲನೆಯದು ಹೇರಳ, ಎರಡನೆಯದು ಮಿತ. ಆಹಾರಕ್ಕೂ ತುಟಿಬಣ್ಣದಂತಹ ಪ್ರಸಾಧನಗಳಿಗೂ ಬೇಕಾದ ಬಣ್ಣವನ್ನು ಕಾರ್ಖಾನೆಗಳಲ್ಲಿ ಇದರಿಂದ ಹಿಂಡಿ ತೆಗೆಯುತ್ತಾರೆ.

ಈ ಎರಡೂ ದ್ರವ್ಯಗಳು ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ, ನೀರಿನಲ್ಲಿ ಕರಗುವುದು ಅತ್ಯಲ್ಪ. ಓದುಗರು ಎರಡು ಗಾಜಿನ ಲೋಟಗಳಲ್ಲಿ ನೀರನ್ನೂ ಎಣ್ಣೆಯನ್ನೂ ತೆಗೆದುಕೊಂಡು ಚಿಟಿಕೆ ಪುಡಿ ಹಾಕಿ ನೋಡಬಹುದು. ನೀರಿನಲ್ಲಿ ಪುಡಿ ತೇಲಾಡಿ ತಳ ಸೇರುವುದು. ಎಣ್ಣೆ ತಾನೇ ಕೆಂಪಾಗುವುದು. ಅದೇ ಪುಡಿಯನ್ನು ನೇರವಾಗಿ ಸಾರಿಗೆ ಸುರಿದಿದ್ದರೆ ಅರ್ಧ ಬಣ್ಣ ಪುಡಿಯಲ್ಲಿಯೇ ಉಳಿಯುತ್ತಿತ್ತು. ಬಾಯಿ ಖಾರವಾದಾಗ ನೀರು ಕುಡಿದರೆ ಉರಿ ಹೋಗದೆ, ಮಜ್ಜಿಗೆ ಹಾಲುಗಳಿಂದ ಹೋಗುವುದಕ್ಕೂ ಕಾರಣ ಇದರಲ್ಲಿಯೇ ಇದೆ.

ಬೇಯಿಸದಿರುವ ವಿದ್ಯೆ

ಊಟಕ್ಕೆ ಕುಳಿತಾಗ ತಟ್ಟೆಯಲ್ಲಿ ಜೋಳದ ರೊಟ್ಟಿ, ಬೇಳೆ, ಬದನೆಕಾಯಿಯ ಪಲ್ಯ, ಶೇಂಗಾ ಹಿಂಡಿ. ಮಗ್ಗುಲಲ್ಲಿ ಹಸಿಯಾಗಿಯೇ ತೊಳೆದಿಟ್ಟ ಮೆಂತ್ಯದ ಸೊಪ್ಪು, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ಮೇಲೆ ಹಿಂಡಲು ಒಂದು ಹೋಳು ನಿಂಬೆ. ಒಲೆಯ ವಿಚಾರವನ್ನೇ ಮಾತನಾಡುತ್ತಿದ್ದ ನಮಗೆ, ಒಲೆ ಮುಟ್ಟದ ಈ ಪಾಲು ಹೊಸ ಪಾಠವನ್ನು ಹೇಳುವಂತಿತ್ತು.

ಸಿ ಜೀವಸತ್ವ ಬಿಸಿಗೆ ನಾಶವಾಗುತ್ತದೆ, ನೀರಿಗೆ ಸೋರಿಹೋಗುತ್ತದೆ. 1930ರ ದಶಕದಲ್ಲಿ ಹಂಗೆರಿಯ ಸೆಗೆಡ್ ನಗರದಲ್ಲಿ ಆಲ್ಬರ್ಟ್ ಸೆಂಟ್-ಜಾರ್ಜಿ ಎಂಬ ವಿಜ್ಞಾನಿ ಆ ಊರಿನ ಹಸಿಯ ಕೆಂಪು ಮೆಣಸಿನಕಾಯಿಯಿಂದಲೇ ಈ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದ. 1937ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಒಣಗಿಸಿದ ಕಾಯಿಯಲ್ಲಿ ಆ ಸಂಪತ್ತು ಬಹುಪಾಲು ಉಳಿಯದು. ಆದುದರಿಂದಲೇ ಹಸಿಯ ಸೊಪ್ಪಿಗೂ ನಿಂಬೆಗೂ ಬೆಲೆ. ಬೇಳೆ ಸೊಪ್ಪುಗಳಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವಿದ್ದರೆ ಹೆಚ್ಚು ಹತ್ತುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಒಂದು ಹೋಳು ನಿಂಬೆ ಇದಕ್ಕೆ ಪೂರ್ಣ ಪರಿಹಾರವೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳ ತಟ್ಟೆಯಲ್ಲಿ ಬೇಳೆಯೂ ಸೊಪ್ಪೂ ನಿಂಬೆಯೂ ಉಳಿದಿರಬೇಕೆಂಬುದನ್ನು ಮನೆಯವರೆಲ್ಲರೂ ನೆನಪಿಡಬೇಕು.

ರೊಟ್ಟಿ ಬೇಳೆಗಳ ಜೊತೆಯೂ ಆಕಸ್ಮಿಕವಲ್ಲ. ಸಸಾರಜನಕವನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಲೈಸಿನ್ ಎಂಬುದು ಜೋಳದಲ್ಲಿ ಕೊರತೆ, ಬೇಳೆಯಲ್ಲಿ ಸಮೃದ್ಧ; ಮಿಥಿಯೊನಿನ್ ಎಂಬುದು ಬೇಳೆಯಲ್ಲಿ ಕೊರತೆ, ಆ ಕೊರತೆಯನ್ನು ಜೋಳ ತುಂಬುತ್ತದೆ. ಬೇಳೆ ಬೇಯದೆ ತಟ್ಟೆಯಲ್ಲೇ ಉಳಿದರೆ ಕೆಡುವುದು ರುಚಿಯೊಂದೇ ಅಲ್ಲ.

ನಾವು ಹೊರಡುವ ಹೊತ್ತಿಗೆ ಮತ್ತೆ ಮಳೆ ಹನಿಯತೊಡಗಿತ್ತು. ಆ ತಾಯಿ ಅಂಗಳಕ್ಕೆ ಬಂದು, ಯಾರಿಗೂ ಎನ್ನದಂತೆ, “ನೀರಿಂದ ತಪ್ಪಾತು, ಹುಡುಗೀದಲ್ಲ” ಎಂದರು. ಬಳಿಕ ಒಳಗೆ ತಿರುಗಿ ಸೊಸೆಯನ್ನು ಕೂಗಿ, ಸೂರಿನ ಕೆಳಗೆ ದೊಡ್ಡ ಹಂಡೆಯನ್ನಿಡಲು ಹೇಳಿದರು. “ಮೊದ್ಲನೇ ಮಳಿ ಮಾಳಗಿ ತೊಳೀತೈತಿ, ಅದನ್ನ ಹಿಡೀಬ್ಯಾಡ, ಆಮ್ಯಾಲಿಂದ ಹಿಡಿ” ಎಂದೂ ಸೇರಿಸಿದರು. ಈ ಮಾತನ್ನು ನಾವು ಅವರಿಗೆ ಹೇಳಿಕೊಟ್ಟಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಗಳಲ್ಲಿಯೂ ಒಂದು ಒಲೆಯಿದೆ, ಎರಡು ಪಾತ್ರೆಗಳಿವೆ, ಒಂದು ಹಿಡಿ ಬೇಳೆಯಿದೆ. ಏನಾದರೂ ಕೆಟ್ಟಾಗ ಯಾರನ್ನಾದರೂ ದೂರುವ ಮೊದಲು, ಒಂದನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಹಾಗೆಯೇ ಇಟ್ಟು ಮತ್ತೊಮ್ಮೆ ಮಾಡಿ ನೋಡಿರಿ. ಪ್ರಯೋಗವೆಂದರೆ ಇಷ್ಟೇ. ಅದರಿಂದ ಬೇಳೆಯೂ ಬೇಯುವುದು, ನಿರಪರಾಧಿಯೊಬ್ಬರಿಗೆ ನ್ಯಾಯವೂ ದೊರೆಯುವುದು.